ಬಟನ್ ಮುರಿಯುವುದು ಮೇಲೆ, ಕಾರಣ ಇರುವುದು ಕೆಳಗೆ
ಹಳೆಯ ವಿಡಿಯೋ ಗೇಮ್ ರಿಪೇರಿ: ಕಾಫಿ ಸೀಮೆಯ ಓದುಗರ ಪ್ರಶ್ನೆಗಳಿಗೆ ಉತ್ತರ

ಕಾಫಿ ಕೊಯ್ಲು ಮುಗಿದು ಕೈ ಸ್ವಲ್ಪ ಬಿಡುವಾದಾಗ ಮಲೆನಾಡಿನ ಮನೆಗಳಲ್ಲಿ ಅಟ್ಟ ಗುಡಿಸುವ ಕೆಲಸ ನಡೆಯುತ್ತದೆ. ಹಾಗೆ ಕೆಳಗಿಳಿದ ಸಾಮಾನುಗಳ ನಡುವೆ ತೊಂಬತ್ತರ ದಶಕದ ಟಿವಿ ವಿಡಿಯೋ ಗೇಮ್ ಸಿಕ್ಕಿತೆಂದು ಹಲವರು ಬರೆದಿದ್ದಾರೆ. ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಡೆಯ ಈ ಪತ್ರಗಳಲ್ಲಿ ಹೆಚ್ಚಿನವು ಹೇಳುವುದು ಒಂದೇ ದೂರು: ಪೆಟ್ಟಿಗೆ ಚೆನ್ನಾಗಿದೆ, ರಿಮೋಟಿನ ಬಟನ್ ಹೋಗಿದೆ.

ಸಮುರಾಯ್, ಲಿಟಲ್ ಮಾಸ್ಟರ್, ಮೈಕ್ರೋ ಜೀನಿಯಸ್, ಟರ್ಮಿನೇಟರ್ ಮುಂತಾದ ಹೆಸರುಗಳಲ್ಲಿ ನಮ್ಮಲ್ಲಿಗೆ ಬಂದ ಪೆಟ್ಟಿಗೆಗಳ ಮೂಲ ಒಂದೇ. ಜಪಾನಿನ ನಿಂಟೆಂಡೊ ಕಂಪನಿ 1983ರ ಜುಲೈ 15ರಂದು ಮಾರುಕಟ್ಟೆಗೆ ತಂದ ಫ್ಯಾಮಿಕಾಮ್ ಯಂತ್ರದ ವಿನ್ಯಾಸವನ್ನೇ ಇವು ಅನುಸರಿಸಿವೆ. ಆದ್ದರಿಂದ ರಿಮೋಟಿನ ಒಳಗೂ ಎಲ್ಲದರಲ್ಲಿ ಇರುವುದು ಮೂರೇ ಪದರ: ಮೇಲೆ ಪ್ಲಾಸ್ಟಿಕ್ ಬಟನ್, ನಡುವೆ ಟೊಪ್ಪಿಯಾಕಾರದ ರಬ್ಬರ್, ಕೆಳಗೆ ಸರ್ಕ್ಯೂಟ್ ಬೋರ್ಡ್. ಈ ಮೂರನ್ನು ಅರ್ಥಮಾಡಿಕೊಂಡರೆ ಕೆಳಗಿನ ಉತ್ತರಗಳೆಲ್ಲ ಸುಲಭವಾಗುತ್ತವೆ.

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿದ್ದಾಗ ಅಪ್ಪ ಮಂಗಳೂರಿನಿಂದ ತಂದುಕೊಟ್ಟ ವಿಡಿಯೋ ಗೇಮ್ ಈಗಲೂ ಓಡುತ್ತಿದೆ. ರಿಮೋಟಿನ ‘ಎ’ ಬಟನ್ ಮಾತ್ರ ಒಳಗೆ ಕುಸಿದು ಓರೆಯಾಗಿದೆ. ಬಿಚ್ಚಿ ನೋಡಿದರೆ ಬಟನ್ನಿನ ಅಡಿಯಂಚಿನ ಒಂದು ಕಿವಿ ಮುರಿದಿದೆ. ಇನ್‌ಸ್ಟಂಟ್ ಗಮ್ ಹಾಕಿ ಕೂರಿಸಿದೆ. ಒಂದು ಸಂಜೆ ಆಡುವಷ್ಟರಲ್ಲಿ ಕಳಚಿತು. ಗಟ್ಟಿ ಉಪಾಯ ಏನಾದರೂ ಇದೆಯೇ?
— ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಖಂಡಿತ ಇದೆ. ಆದರೆ ಅಂಟಿಸುವ ಮೊದಲು ಕಿವಿ ಏಕೆ ಮುರಿಯಿತು ಎಂದು ನೋಡಬೇಕು. ಬಟನ್ ಮೇಲಕ್ಕೆ ಹಾರದಂತೆ, ಸುತ್ತ ತಿರುಗದಂತೆ ಹಿಡಿದಿಡುವುದು ಈ ಕಿವಿ. ಹಗುರವಾಗಿ ಒತ್ತಿದರೆ ಅದರ ಮೇಲೆ ಭಾರ ಬೀಳುವುದೇ ಇಲ್ಲ. ಕೆಳಗಿನ ರಬ್ಬರ್ ಕೊಳೆಯಾಗಿ ಸಂಪರ್ಕ ಸರಿಯಾಗಿ ಸಿಗದಿದ್ದಾಗ ಆಡುವವರು ಹೆಬ್ಬೆರಳಿನಿಂದ ಬಲವಾಗಿ, ಓರೆಯಾಗಿ ಅದುಮುತ್ತಾರೆ. ಆಗ ಕಿವಿ ಮುರಿಯುತ್ತದೆ. ಹಾಗಾಗಿ ಮುಂದಿನ ಉತ್ತರದಲ್ಲಿ ಹೇಳಿರುವಂತೆ ರಬ್ಬರನ್ನು ಮೊದಲು ಶುಚಿ ಮಾಡಿಕೊಳ್ಳಿ. ಇಲ್ಲದಿದ್ದರೆ ಎಷ್ಟು ಗಟ್ಟಿಯಾಗಿ ಅಂಟಿಸಿದರೂ ಅದೇ ಜಾಗದಲ್ಲಿ ಮತ್ತೆ ಮುರಿಯುತ್ತದೆ.

ಇನ್‌ಸ್ಟಂಟ್ ಗಮ್ ನೇರ ಎಳೆತವನ್ನು ತಡೆದೀತು. ಪಕ್ಕದಿಂದ ಬೀಳುವ ಪೆಟ್ಟು, ತಿರುಚುವಿಕೆ ಅದಕ್ಕೆ ಆಗದು, ಏಕೆಂದರೆ ಒಣಗಿದ ಮೇಲೆ ಅದು ಬಿರುಸಾಗುತ್ತದೆ. ಕಿವಿಗೆ ಬೀಳುವುದು ಅಂಥ ಪೆಟ್ಟೇ. ನಿಮಗೆ ಬೇಕಾದದ್ದು ಪ್ಲಾಸ್ಟಿಕ್ಕನ್ನೇ ಕರಗಿಸಿ ಒಂದಾಗಿಸುವ ಬೆಸುಗೆ.

ಮೊದಲು ಪ್ಲಾಸ್ಟಿಕ್ ಯಾವುದೆಂದು ತಿಳಿದುಕೊಳ್ಳಿ. ಮುರಿದ ಚೂರನ್ನು ಒಂದು ಲೋಟ ನೀರಿಗೆ ಹಾಕಿ, ಗಾಳಿಗುಳ್ಳೆ ಅಂಟಿದ್ದರೆ ಬೆರಳಿನಿಂದ ಸವರಿ ತೆಗೆಯಿರಿ. ತೇಲಿದರೆ ಅದು ಪಾಲಿಥೀನ್ ಅಥವಾ ಪಾಲಿಪ್ರೊಪಿಲೀನ್. ಸಾಮಾನ್ಯ ಅಂಟು ಯಾವುದೂ ಅದಕ್ಕೆ ನಿಲ್ಲುವುದಿಲ್ಲ. ಮುಳುಗಿದರೆ ಬಹುಮಟ್ಟಿಗೆ ಎಬಿಎಸ್. ಖಚಿತಪಡಿಸಿಕೊಳ್ಳಲು ಬಟನ್ನಿನ ಅಡಿಭಾಗಕ್ಕೆ, ಕಣ್ಣಿಗೆ ಬೀಳದ ಕಡೆ, ಒಂದು ಹನಿ ಅಸಿಟೋನ್ ಮುಟ್ಟಿಸಿ. ಜಾಗ ಜಿಗುಟಾದರೆ ಬೆಸುಗೆ ಸಾಧ್ಯ.

ಇನ್ನು ಬೆಸುಗೆಗೆ ಬೇಕಾದ ಪೇಸ್ಟ್. ಕೆಟ್ಟುಹೋದ ಕಂಪ್ಯೂಟರ್ ಮೌಸಿನ ಕವಚದಿಂದ ಅಥವಾ ಲೆಗೊ ಇಟ್ಟಿಗೆಯಿಂದ ಸಣ್ಣ ಚೂರುಗಳನ್ನು ಕತ್ತರಿಸಿ ಗಾಜಿನ ಪುಟ್ಟ ಸೀಸೆಗೆ ಹಾಕಿ. ಚೂರು ಮುಳುಗುವಷ್ಟು ಅಸಿಟೋನ್ ಸುರಿದು, ಮುಚ್ಚಳ ಬಿಗಿದು ಒಂದು ರಾತ್ರಿ ಬಿಡಿ. ಬೆಳಿಗ್ಗೆ ಜೇನುತುಪ್ಪದಷ್ಟು ಮಂದವಾಗಿದ್ದರೆ ಹದ ಸರಿ. ‘ಅಸಿಟೋನ್ ರಹಿತ’ ಎಂದು ಬರೆದಿರುವ ನೇಲ್ ಪಾಲಿಶ್ ರಿಮೂವರ್ ಈ ಕೆಲಸಕ್ಕೆ ಬಾರದು.

ಮುರಿದ ಎರಡೂ ಮುಖಗಳ ಮೇಲಿನ ಹಳೆಯ ಗಮ್ಮನ್ನು ಬ್ಲೇಡಿನಿಂದ ಪೂರ್ತಿ ಕೆರೆದು ತೆಗೆಯಿರಿ. ಸೂಜಿಯನ್ನು ಇಕ್ಕಳದಲ್ಲಿ ಹಿಡಿದು ಕಾಯಿಸಿ, ಎರಡೂ ಕಡೆ ಎದುರುಬದುರಾಗಿ ಒಂದೊಂದು ತೂತು ಮಾಡಿ. ಸ್ಟೇಪ್ಲರ್ ಪಿನ್ನಿನ ಸಣ್ಣ ತುಂಡನ್ನು ಆ ತೂತುಗಳಲ್ಲಿ ಕೂರಿಸಿದರೆ ಒಳಗೊಂದು ಉಕ್ಕಿನ ಆಧಾರ ಸಿಗುತ್ತದೆ. ಕಡ್ಡಿಯ ತುದಿಯಿಂದ ಎರಡೂ ಮುಖಕ್ಕೆ ಪೇಸ್ಟ್ ಸವರಿ, ಅರ್ಧ ನಿಮಿಷ ಬಿಟ್ಟು, ಒತ್ತಿ ಜೋಡಿಸಿ. ಎರಡು ದಿನ ಮುಟ್ಟಬೇಡಿ. ಆಮೇಲೆ ಉಬ್ಬಿದ ಭಾಗವನ್ನು ಸಣ್ಣ ಅರದಿಂದ ಉಜ್ಜಿ ಮಟ್ಟ ಮಾಡಿ.

ಎರಡು ಎಚ್ಚರಿಕೆ. ಜಡಿಮಳೆಯ ದಿನ ಈ ಕೆಲಸ ಬೇಡ. ಅಸಿಟೋನ್ ಆರುವಾಗ ಪ್ಲಾಸ್ಟಿಕ್ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ. ಬೆಸುಗೆ ಬೆಳ್ಳಗೆ ಮಬ್ಬಾಗಿ ಸಡಿಲವಾಗುತ್ತದೆ. ಇನ್ನೊಂದು, ಅಸಿಟೋನಿನ ಆವಿ ಬೆಂಕಿಯನ್ನು ದೂರದಿಂದಲೇ ಸೆಳೆಯುತ್ತದೆ. ಹಂಡೆ ಒಲೆ, ಗ್ಯಾಸ್, ದೀಪ ಯಾವುದೂ ಹತ್ತಿರ ಇರಬಾರದು. ಸೂಜಿ ಕಾಯಿಸುವ ಕೆಲಸವನ್ನು ಸೀಸೆ ತೆರೆಯುವ ಮುಂಚೆಯೇ ಮುಗಿಸಿಕೊಂಡು ಬೆಂಕಿ ಆರಿಸಿಬಿಡಿ.

ಪ್ರಶ್ನೆ: ನಮ್ಮ ರಿಮೋಟಿನ ಬಟನ್ ಮುರಿದಿಲ್ಲ. ಆದರೆ ಎಷ್ಟು ಒತ್ತಿದರೂ ನಾಲ್ಕು ಸಲಕ್ಕೊಮ್ಮೆ ಕೆಲಸ ಮಾಡುತ್ತದೆ. ಹಲವು ಮಳೆಗಾಲ ಅಟ್ಟದ ಮೇಲೆ ಇತ್ತು, ಒಳಗೆಲ್ಲ ಬೂಷ್ಟು ಹಿಡಿದಿದೆ. ತಮ್ಮ ಪೆಟ್ರೋಲಿನಲ್ಲಿ ತೊಳೆಯೋಣ ಅನ್ನುತ್ತಾನೆ. ತೊಳೆಯಬಹುದೇ?
— ಓದುಗಿ, ಕಳಸ

ಉತ್ತರ: ಪೆಟ್ರೋಲ್, ಥಿನ್ನರ್ ಎರಡೂ ಬೇಡವೇ ಬೇಡ. ಎಬಿಎಸ್ ಪ್ಲಾಸ್ಟಿಕ್ ಬಿರುಕು ಬಿಡುತ್ತದೆ, ರಬ್ಬರ್ ಊದಿಕೊಳ್ಳುತ್ತದೆ. ನಿಮ್ಮ ತೊಂದರೆಗೆ ಸೋಪಿನ ನೀರೇ ಅರ್ಧ ಔಷಧಿ.

ಬಟನ್ನಿನ ಕೆಳಗಿರುವ ರಬ್ಬರ್ ಟೊಪ್ಪಿಯ ಒಳಗೆ ಕಪ್ಪು ಬಿಲ್ಲೆಯೊಂದಿದೆ. ಅದು ಕಾರ್ಬನ್ ಬೆರೆಸಿದ ರಬ್ಬರ್, ಕರೆಂಟನ್ನು ಹಾಯಿಸುತ್ತದೆ. ಬಟನ್ ಒತ್ತಿದಾಗ ಈ ಬಿಲ್ಲೆ ಬೋರ್ಡಿನ ಮೇಲಿನ ಎರಡು ಗೆರೆಗಳನ್ನು ಮುಟ್ಟಿ ಜೋಡಿಸುತ್ತದೆ. ಬಿಲ್ಲೆಗೂ ಗೆರೆಗೂ ನಡುವೆ ಕೂದಲೆಳೆಯಷ್ಟು ಬೂಷ್ಟು ಬಂದರೂ ಸಂಪರ್ಕ ತಪ್ಪುತ್ತದೆ.

ಹಿಂದಿನ ತಿರುಪುಗಳನ್ನು ಬಿಚ್ಚುವ ಮುಂಚೆ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ವೈರ್ ಹಾದುಹೋಗುವ ದಾರಿ ಜೋಡಿಸುವಾಗ ನೆನಪಿರುವುದಿಲ್ಲ. ಬಟನ್, ರಬ್ಬರ್, ಕವಚ ಮೂರನ್ನೂ ಉಗುರುಬೆಚ್ಚಗಿನ ಸೋಪಿನ ನೀರಿನಲ್ಲಿ ಮೆತ್ತಗಿನ ಹಲ್ಲುಜ್ಜುವ ಬ್ರಷ್‌ನಿಂದ ತೊಳೆದು, ನೆರಳಿನಲ್ಲಿ ಪೂರ್ತಿ ಆರಿಸಿ. ಕಪ್ಪು ಬಿಲ್ಲೆಯನ್ನು ಮಾತ್ರ ಬ್ರಷ್‌ನಿಂದ ತಿಕ್ಕದೆ ಮೆತ್ತಗಿನ ಬಟ್ಟೆಯಿಂದ ಒರೆಸಿ. ಬೋರ್ಡಿಗೆ ನೀರು ಬೇಡ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಗೆರೆಗಳನ್ನು ಹಗುರವಾಗಿ ಒರೆಸಿದರೆ ಸಾಕು. ಮರಳು ಕಾಗದ ಹಾಕಿ ಉಜ್ಜಿದರೆ ಗೆರೆಯ ಮೇಲಿನ ಕಾರ್ಬನ್ ಲೇಪ ಎದ್ದುಹೋಗುತ್ತದೆ, ಅದನ್ನು ಮರಳಿ ತರುವುದು ಕಷ್ಟ.

ಅಟ್ಟದ ಸಾಮಾನಿನಲ್ಲಿ ಇಲಿ ಓಡಾಡಿದ ಗುರುತಿದ್ದರೆ ಕೈಗವಸು ಹಾಕಿಕೊಂಡೇ ಬಿಚ್ಚಿ. ಇಲಿಜ್ವರ ಹರಡುವುದು ಇಲಿಯ ಮೂತ್ರದಿಂದ.

ಶುಚಿ ಮಾಡಿದ ಮೇಲೂ ಸರಿಯಾಗದಿದ್ದರೆ ಬಿಲ್ಲೆ ಸವೆದಿದೆ ಎಂದು ಅರ್ಥ. ಮಲ್ಟಿಮೀಟರಿನ ಎರಡೂ ಕಡ್ಡಿಗಳನ್ನು ಬಿಲ್ಲೆಗೆ ಒತ್ತಿ ನೋಡಿ. ಕೆಲವು ನೂರು ಓಮ್ ಒಳಗಿದ್ದರೆ ಚೆನ್ನಾಗಿದೆ, ಹತ್ತಾರು ಸಾವಿರ ತೋರಿಸಿದರೆ ಸವೆದಿದೆ. ಟಿವಿ ರಿಮೋಟಿನ ಒಳಗಿರುವುದೂ ಇದೇ ವ್ಯವಸ್ಥೆ. ಆದ್ದರಿಂದ ಟಿವಿ ರಿಮೋಟ್ ರಿಪೇರಿ ಮಾಡುವವರು ಬಿಲ್ಲೆಗೆ ಕಾರ್ಬನ್ ಬಣ್ಣ ಹಚ್ಚಿಕೊಡಬಲ್ಲರು. ಪೆನ್ಸಿಲ್ ಸೀಸ ತೀಡುವ ಉಪಾಯ ಕೆಲವು ದಿನಕ್ಕಷ್ಟೇ. ರಬ್ಬರ್ ಟೊಪ್ಪಿಯೇ ಹರಿದಿದ್ದರೆ ಸಿಲಿಕೋನ್ ಸೀಲೆಂಟ್ ಬಳಸಿ. ಆ ರಬ್ಬರ್ ಸಾಮಾನ್ಯವಾಗಿ ಸಿಲಿಕೋನ್, ಅದಕ್ಕೆ ಸಿಲಿಕೋನ್ ಬಿಟ್ಟರೆ ಬೇರೆ ಅಂಟು ನಿಲ್ಲುವುದಿಲ್ಲ.

ಪ್ರಶ್ನೆ: ನಮ್ಮ ರಿಮೋಟಿನ ಪ್ಲಸ್ ಆಕಾರದ ಬಟನ್ ನಡುವೆ ಕುಸಿಯುತ್ತದೆ. ಬಲಕ್ಕೆ ಒತ್ತಿದರೆ ಒಮ್ಮೊಮ್ಮೆ ಎಡಕ್ಕೂ ಒತ್ತಿದ ಹಾಗಾಗಿ ಮಾರಿಯೊ ನಿಂತಲ್ಲೇ ನಿಲ್ಲುತ್ತಾನೆ. ಹೊರಗಿನಿಂದ ಏನೂ ಮುರಿದಂತೆ ಕಾಣುವುದಿಲ್ಲ.
— ಶಾಲಾ ಶಿಕ್ಷಕರು, ಗೋಣಿಬೀಡು

ಉತ್ತರ: ಮುರಿದಿರುವುದು ಅಡಿಯಲ್ಲಿ. ಪ್ಲಸ್ ಬಟನ್ನನ್ನು ತಿರುಗಿಸಿ ಹಿಡಿದರೆ ನಟ್ಟನಡುವೆ ಸಣ್ಣ ಗುಬ್ಬಿಯೊಂದು ಇರಬೇಕು. ಇಡೀ ಬಟನ್ ವಾಲುವುದು ಅದರ ಆಧಾರದ ಮೇಲೆ. ಒಂದು ತುದಿ ಇಳಿದಾಗ ಎದುರು ತುದಿ ಏಳಲೇಬೇಕು, ಅದರಿಂದ ಎಡ ಬಲ ಎರಡೂ ಒಟ್ಟಿಗೆ ತಾಗುವುದಿಲ್ಲ. ನಿಂಟೆಂಡೊದ ವಿನ್ಯಾಸಕ ಗುನ್ಪೆ ಯೊಕೊಯ್ 1982ರಲ್ಲಿ ಡಾಂಕಿ ಕಾಂಗ್ ಎಂಬ ಕೈಯಾಟಿಕೆಗಾಗಿ ಈ ಬಟನ್ ರೂಪಿಸಿದರು. ಜಾಯ್‌ಸ್ಟಿಕ್ ಕೋಲಿಗೆ ಜಾಗವಿಲ್ಲದ ಪುಟ್ಟ ಮಡಚುವ ಆಟಿಕೆ ಅದು. ಮರುವರ್ಷ ಫ್ಯಾಮಿಕಾಮ್‌ಗೂ ಅದೇ ಬಂತು.

ನಿಮ್ಮದರಲ್ಲಿ ಗುಬ್ಬಿ ಸವೆದಿದೆ ಅಥವಾ ಮುರಿದಿದೆ. ಮೊದಲನೇ ಉತ್ತರದ ಎಬಿಎಸ್ ಪೇಸ್ಟನ್ನು ಅಲ್ಲಿ ಹನಿಹನಿಯಾಗಿ ಇಟ್ಟು ಎತ್ತರಿಸಿ. ಒಂದು ಹನಿ ಗಟ್ಟಿಯಾದ ಮೇಲೆಯೇ ಇನ್ನೊಂದು ಹನಿ. ಸ್ವಲ್ಪ ಹೆಚ್ಚೇ ಎತ್ತರಿಸಿ, ಆಮೇಲೆ ಅರದಿಂದ ಇಳಿಸುತ್ತ ಬನ್ನಿ. ಹದ ತಿಳಿಯುವ ಬಗೆ ಹೀಗೆ: ರಿಮೋಟನ್ನು ಜೋಡಿಸಿ, ಬಲತುದಿಯನ್ನು ಪೂರ್ತಿ ಒತ್ತಿ ಹಿಡಿದು, ಎಡತುದಿಯನ್ನು ಉಗುರಿನಿಂದ ಅದುಮಿ. ಎಡ ಕೆಲಸ ಮಾಡಬಾರದು. ನಾಲ್ಕೂ ದಿಕ್ಕಿಗೆ ಹೀಗೆ ಪರೀಕ್ಷಿಸಿ. ಗುಬ್ಬಿ ತೀರ ಎತ್ತರವಾದರೆ ಯಾವ ದಿಕ್ಕೂ ತಾಗುವುದಿಲ್ಲ, ಆಗ ಇನ್ನಷ್ಟು ಉಜ್ಜಿ.

ಪ್ರಶ್ನೆ: ಒಂದು ಬಟನ್ ಕಳೆದೇ ಹೋಗಿದೆ. ನಮ್ಮ ಕಾಲೇಜಿನಲ್ಲಿ ತ್ರೀಡಿ ಪ್ರಿಂಟರ್ ಇದೆ. ಅದರಲ್ಲಿ ಮಾಡುವುದೋ, ಬೇರೆ ದಾರಿ ಇದೆಯೋ?
— ಇಂಜಿನಿಯರಿಂಗ್ ವಿದ್ಯಾರ್ಥಿ, ಚಿಕ್ಕಮಗಳೂರು

ಉತ್ತರ: ಎರಡೂ ದಾರಿ ಇವೆ. ಪ್ರಿಂಟ್ ಮಾಡುವುದಾದರೆ ಪಿಎಲ್‌ಎ ಬೇಡ, ಎಬಿಎಸ್ ತಂತಿ ಬಳಸಿ. ಪಿಎಲ್‌ಎ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗೆ ಮೆತ್ತಗಾಗುತ್ತದೆ, ಬಿಸಿಲಿನಲ್ಲಿ ನಿಂತ ಕಾರಿನೊಳಗೆ ಬಟನ್ ಸೊಟ್ಟಗಾದೀತು. ಎಬಿಎಸ್ ಸುಮಾರು 100 ಡಿಗ್ರಿಯವರೆಗೆ ತಡೆಯುತ್ತದೆ. ಉಳಿದಿರುವ ಬಟನ್ನನ್ನು ವರ್ನಿಯರ್ ಕ್ಯಾಲಿಪರಿನಿಂದ ಅಳೆದು, ಸುತ್ತಲೂ 0.2ರಿಂದ 0.3 ಮಿ.ಮೀ. ಸಂದು ಬಿಡಿ. ಬೆರಳು ಮುಟ್ಟುವ ಮೇಲ್ಮುಖವನ್ನು ಸಣ್ಣ ಮರಳು ಕಾಗದದಿಂದ ನೀರು ಹಾಕಿ ಉಜ್ಜಿದರೆ ಪದರದ ಗೆರೆ ಹೋಗುತ್ತದೆ.

ಪ್ರಿಂಟರ್ ಇಲ್ಲದವರಿಗೆ ಅಚ್ಚಿನ ದಾರಿ. ‘ಎ’ ಮತ್ತು ‘ಬಿ’ ಬಟನ್‌ಗಳು ಹೆಚ್ಚಿನ ರಿಮೋಟ್‌ಗಳಲ್ಲಿ ಒಂದೇ ಅಳತೆಯವು. ಆದರೂ ಕಿವಿಗಳ ಜಾಗ ಬೇರೆ ಇದೆಯೇ ಎಂದು ಕವಚದ ಒಳಗಿನ ತೋಡು ನೋಡಿ ಖಚಿತಪಡಿಸಿಕೊಳ್ಳಿ. ಉಳಿದ ಬಟನ್ನನ್ನು ಬೋರಲಾಗಿ, ಅಡಿಭಾಗ ಮೇಲೆ ಕಾಣುವಂತೆ, ಸಣ್ಣ ಡಬ್ಬಿಯಲ್ಲಿ ಇಟ್ಟು ಅಚ್ಚಿನ ಸಿಲಿಕೋನ್ ಸುರಿಯಿರಿ. ಅದು ಕಿವಿಯ ಅಡಿಮುಖದ ಮಟ್ಟಕ್ಕೆ ಬಂದರೆ ಸಾಕು. ಗಟ್ಟಿಯಾದ ಮೇಲೆ ಬಟನ್ ಹೊರತೆಗೆದರೆ ಅಚ್ಚು ಸಿದ್ಧ. ಒಳಗೆ ತುಂಬಲು ಎಪಾಕ್ಸಿ ರಾಳ ಆಗುತ್ತದೆ. ದಂತವೈದ್ಯರು ಬಳಸುವ ತಣ್ಣನೆಯ ಅಕ್ರಿಲಿಕ್ ಇನ್ನೂ ಒಳ್ಳೆಯದು. ಮೂರು ಅಳತೆ ಪುಡಿಗೆ ಒಂದು ಅಳತೆ ದ್ರಾವಣ ಕಲಸಿ ತುಂಬಿದರೆ ಸ್ವಲ್ಪ ಹೊತ್ತಿನಲ್ಲೇ ಕಲ್ಲಾಗುತ್ತದೆ. ಗಟ್ಟಿಯಾಗುವಾಗ ಕೊಂಚ ಕುಗ್ಗುವುದರಿಂದ ಬಟನ್ ತೂತಿನಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಅದರ ಘಾಟು ಬಲು ಖಾರ, ಕಿಟಕಿ ತೆರೆದಿಟ್ಟು ಕೆಲಸ ಮಾಡಿ.

ಬಟನ್ ಸಿಕ್ಕಿಕೊಳ್ಳುವುದು ಸಣ್ಣ ವಿಷಯ ಎಂದುಕೊಳ್ಳಬೇಡಿ. ಮೊದಮೊದಲ ಫ್ಯಾಮಿಕಾಮ್ ಯಂತ್ರಗಳಲ್ಲಿ ‘ಎ’, ‘ಬಿ’ ಬಟನ್‌ಗಳು ಚೌಕಾಕಾರದ ಮೆತ್ತನೆ ರಬ್ಬರಿನವು. ಒತ್ತಿದಾಗ ಅಂಚಿಗೆ ಸಿಕ್ಕಿ ಒಳಗೇ ಉಳಿಯುತ್ತಿದ್ದವು. ನಿಂಟೆಂಡೊ ಅವನ್ನು ಕೈಬಿಟ್ಟು ದುಂಡನೆಯ ಗಟ್ಟಿ ಪ್ಲಾಸ್ಟಿಕ್ಕಿಗೆ ಹೋಯಿತು.

ಪ್ರಶ್ನೆ: ನಾನು ಬಿಡುವಿನಲ್ಲಿ ಮರಗೆಲಸ ಮಾಡುತ್ತೇನೆ. ತೋಟದಲ್ಲಿ ಕಿತ್ತ ಹಳೆಯ ಕಾಫಿ ಗಿಡದ ಬೊಡ್ಡೆಗಳಿವೆ. ಆ ಮರದಲ್ಲೇ ಬಟನ್ ಕಡೆದರೆ ಬಾಳುತ್ತದೆಯೇ?
— ತೋಟದ ರೈಟರ್, ಬಾಳೆಹೊನ್ನೂರು

ಉತ್ತರ: ಬಾಳುತ್ತದೆ, ಚೆಂದವೂ ಕಾಣುತ್ತದೆ. ಕಾಫಿ ಮರ ಗಟ್ಟಿ, ಎಳೆ ಸಣ್ಣದು, ಹೊಳಪು ಚೆನ್ನಾಗಿ ಹಿಡಿಯುತ್ತದೆ. ಊರುಗೋಲು, ಪೀಠೋಪಕರಣಕ್ಕೆ ಅದನ್ನು ಬಳಸುವುದು ಇದೇ ಕಾರಣಕ್ಕೆ. ನೆರಳಿನಲ್ಲಿ ಚೆನ್ನಾಗಿ ಒಣಗಿದ ತುಂಡನ್ನೇ ಆರಿಸಿ, ಹಸಿ ಮರ ಕಡೆದ ಮೇಲೆ ಸೀಳುತ್ತದೆ.

ಎರಡು ವಿಷಯ ಗಮನದಲ್ಲಿರಲಿ. ಮರ ಮಳೆಗಾಲದಲ್ಲಿ ಅಡ್ಡಕ್ಕೆ ಉಬ್ಬುತ್ತದೆ, ಉದ್ದಕ್ಕೆ ಅಲ್ಲ. ಎಳೆಗಳು ಮೇಲಿನಿಂದ ಕೆಳಕ್ಕೆ ಹರಿಯುವಂತೆ ಕಡೆದ ದುಂಡು ಬಟನ್ ಬೇಸಿಗೆಯಲ್ಲಿ ಸರಿಯಾಗಿ ಕೂತರೂ ಆಷಾಢದಲ್ಲಿ ಸಿಕ್ಕಿಕೊಳ್ಳಬಹುದು. ಪ್ಲಾಸ್ಟಿಕ್ಕಿಗಿಂತ ಹೆಚ್ಚು ಸಂದು ಬಿಡಿ, ಎಲ್ಲ ಮುಖಗಳಿಗೂ ಅರಗು ಅಥವಾ ಮೇಣ ಹಿಡಿಸಿ. ಚನ್ನಪಟ್ಟಣದ ಕುಶಲಿಗಳು ಆಲೆಮರದ ಬೊಂಬೆಗೆ ತಿರುಗಣೆಯ ಮೇಲೇ ಅರಗು ಹಿಡಿಸುವ ವಿಧಾನ ಇಲ್ಲಿಗೂ ಸರಿಹೊಂದುತ್ತದೆ. ಇನ್ನೊಂದು, ಕಿವಿಗಳನ್ನು ಮರದಲ್ಲಿ ಕಡೆಯಬೇಡಿ. ಎಳೆಗೆ ಅಡ್ಡವಾಗಿ ನಿಂತ ತೆಳು ಭಾಗ ಮೊದಲ ಒತ್ತಿಗೇ ಸಿಡಿಯುತ್ತದೆ. ಹಳೆಯ ಪ್ಲಾಸ್ಟಿಕ್ ತಟ್ಟೆಯಿಂದ ಕಿವಿಯಿರುವ ಬಿಲ್ಲೆಯೊಂದನ್ನು ಕತ್ತರಿಸಿ, ಮರದ ಅಡಿಗೆ ಎಪಾಕ್ಸಿಯಲ್ಲಿ ಅಂಟಿಸಿ. ಅರಗು ಹಾಕುವುದು ಅಂಟಿಸಿ ಮುಗಿದ ಮೇಲೆ.

ಪ್ರಶ್ನೆ: ಬಿಳಿ ಬಟನ್‌ಗಳು, ಪೆಟ್ಟಿಗೆ ಎಲ್ಲ ಹಳದಿಗಟ್ಟಿವೆ. ಹೈಡ್ರೋಜನ್ ಪೆರಾಕ್ಸೈಡಿನಿಂದ ಬೆಳ್ಳಗಾಗುತ್ತದಂತೆ, ನಿಜವೇ?
— ಗೃಹಿಣಿ, ಆಲ್ದೂರು

ಉತ್ತರ: ನಿಜ. ಎಬಿಎಸ್ ಪ್ಲಾಸ್ಟಿಕ್ ಬೆಳಕು, ಶಾಖ, ಗಾಳಿಗೆ ಸಿಕ್ಕಿ ವರ್ಷಗಳಲ್ಲಿ ಹಳದಿಗಟ್ಟುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಸಿಗುವ ಶೇ 6ರ ಪೆರಾಕ್ಸೈಡನ್ನು ಗಾಜಿನ ಬಾಟಲಿಗೆ ಹಾಕಿ, ತೊಳೆದ ಬಟನ್‌ಗಳನ್ನು ಪೂರ್ತಿ ಮುಳುಗಿಸಿ, ಬಿಸಿಲಿಗಿಡಿ. ಮುಚ್ಚಳವನ್ನು ಬಿಗಿಯಬೇಡಿ, ಒಳಗೆ ಆಮ್ಲಜನಕ ಹುಟ್ಟಿ ಒತ್ತಡ ಏರುತ್ತದೆ. ಕಣದಲ್ಲಿ ಕಾಫಿ ಒಣಗುವ ಡಿಸೆಂಬರ್, ಜನವರಿಯ ಬಿಸಿಲು ಇದಕ್ಕೆ ಸಾಕು. ಗಂಟೆಗೊಮ್ಮೆ ನೋಡುತ್ತಿದ್ದು, ಬೇಕಾದಷ್ಟು ಬೆಳ್ಳಗಾದ ಕೂಡಲೇ ತೆಗೆದು ನೀರಿನಲ್ಲಿ ತೊಳೆಯಿರಿ. ಕೈಗವಸು, ಕನ್ನಡಕ ಕಡ್ಡಾಯ.

ಕೆಂಪು ಬಟನ್‌ಗಳನ್ನು ಇದರಲ್ಲಿ ಹಾಕಬೇಡಿ, ಬಣ್ಣ ಮಾಸುತ್ತದೆ. ರಬ್ಬರನ್ನೂ ಹಾಕಬೇಡಿ. ಇದು ಬಣ್ಣಕ್ಕಷ್ಟೇ ಮದ್ದು, ಪ್ಲಾಸ್ಟಿಕ್ಕಿಗೆ ಕಳೆದ ಬಲ ಮರಳುವುದಿಲ್ಲ, ಹಳದಿಯೂ ಕಾಲಾಂತರದಲ್ಲಿ ಮತ್ತೆ ಬರಬಹುದು. ಬಿರುಕು ಬಿಟ್ಟ ಬಟನ್ನನ್ನು ಮೊದಲು ಬೆಸೆಯಿರಿ, ಬೆಳ್ಳಗಾಗಿಸುವ ಆಸೆ ಆಮೇಲೆ.

ಪ್ರಶ್ನೆ: ಎಲ್ಲ ಸರಿಮಾಡಿ ಮಗನ ಕೈಗೆ ಕೊಡಬೇಕೆಂದಿದ್ದೇನೆ. ಜೋಡಿಸುವಾಗ ಏನು ನೋಡಿಕೊಳ್ಳಬೇಕು? ಕರೆಂಟಿನ ಭಯ ಇದೆಯೇ? ಉಳಿದ ಮುರುಕು ರಿಮೋಟ್‌ಗಳನ್ನು ಏನು ಮಾಡಲಿ?
— ಓದುಗರು, ಕೊಟ್ಟಿಗೆಹಾರ

ಉತ್ತರ: ತಿರುಪು ಹಾಕುವಾಗ ಮೊದಲು ಎಡಕ್ಕೆ, ಅಂದರೆ ಬಿಚ್ಚುವ ದಿಕ್ಕಿಗೆ, ನಿಧಾನವಾಗಿ ತಿರುಗಿಸಿ. ಒಂದು ಕಡೆ ತಿರುಪು ‘ಟಕ್’ ಎಂದು ಕೆಳಗೆ ಇಳಿದದ್ದು ಕೈಗೆ ಗೊತ್ತಾಗುತ್ತದೆ. ಹಳೆಯ ಮರೆ ಅಲ್ಲಿದೆ. ಅಲ್ಲಿಂದ ಬಲಕ್ಕೆ ಬಿಗಿಯಿರಿ, ತಡೆ ಸಿಕ್ಕಿದ ಕೂಡಲೇ ನಿಲ್ಲಿಸಿ. ಹಾಗೆ ಮಾಡದೆ ಹೊಸ ಮರೆ ಕೊರೆದರೆ ತಿರುಪಿನ ಪ್ಲಾಸ್ಟಿಕ್ ಕಂಬ ಸೀಳುತ್ತದೆ.

ರಿಮೋಟಿನಲ್ಲಿ ಹರಿಯುವುದು 5 ವೋಲ್ಟ್, ಅದರಿಂದ ಶಾಕ್ ಇಲ್ಲ. ಅಪಾಯ ಇರುವುದು 230 ವೋಲ್ಟಿಗೆ ಹಾಕುವ ಹಳೆಯ ಅಡಾಪ್ಟರಿನಲ್ಲಿ. ಅದರ ವೈರ್ ಬಿರುಕು ಬಿಟ್ಟಿದ್ದರೆ ಬದಲಿಸಿ. ಹೊಸದು ತರುವಾಗ ವೋಲ್ಟೇಜ್ ಜೊತೆಗೆ ಪಿನ್ನಿನ ನಡುವೆ ಪ್ಲಸ್ಸೋ ಮೈನಸ್ಸೋ ಎಂದು ಪೆಟ್ಟಿಗೆಯ ಮೇಲಿನ ಗುರುತು ನೋಡಿ. ಈ ಜಾತಿಯ ಹಲವು ಯಂತ್ರಗಳಲ್ಲಿ ನಡುವೆ ಮೈನಸ್ ಇರುತ್ತದೆ, ಇಂದಿನ ಹೆಚ್ಚಿನ ಅಡಾಪ್ಟರ್‌ಗಳಲ್ಲಿ ಪ್ಲಸ್. ಏಪ್ರಿಲ್, ಮೇ ತಿಂಗಳ ಗುಡುಗಿನ ಸಂಜೆಗಳಲ್ಲಿ ಪ್ಲಗ್ ಕಿತ್ತಿಡಿ, ಟಿವಿಯ ಕೇಬಲ್ಲನ್ನೂ ಬಿಚ್ಚಿಡಿ. ಸಡಿಲ ಬಟನ್ ಸಣ್ಣ ಮಕ್ಕಳ ಬಾಯಿಗೆ ಹೋಗದಂತೆ ನೋಡಿಕೊಳ್ಳಿ. ಬಾತುಕೋಳಿ ಹೊಡೆಯುವ ಆಟದ ಗನ್ ಮಾತ್ರ ಎಲ್‌ಇಡಿ ಟಿವಿಯಲ್ಲಿ ಕೆಲಸ ಮಾಡುವುದಿಲ್ಲ, ಅದಕ್ಕೆ ಹಳೆಯ ಪಿಕ್ಚರ್ ಟ್ಯೂಬ್ ಟಿವಿಯೇ ಬೇಕು.

ಮುರುಕು ರಿಮೋಟ್‌ಗಳನ್ನು ದಯವಿಟ್ಟು ಹಂಡೆ ಒಲೆಗೆ ಹಾಕಬೇಡಿ. ಎಬಿಎಸ್ ಉರಿದರೆ ಹೊಗೆಯಲ್ಲಿ ಸ್ಟೈರೀನ್, ಹೈಡ್ರೋಜನ್ ಸಯನೈಡ್‌ನಂಥ ವಿಷಾನಿಲಗಳು ಬರುತ್ತವೆ, ಸ್ನಾನಕ್ಕೆ ಕೂತವರೇ ಅದನ್ನು ಉಸಿರಾಡಬೇಕಾಗುತ್ತದೆ. ಒಂದು ಕೆಟ್ಟ ರಿಮೋಟಿನಲ್ಲಿ ಇನ್ನೊಂದಕ್ಕೆ ಬೇಕಾದ ರಬ್ಬರ್, ತಿರುಪು, ಬೆಸುಗೆಗೆ ಬೇಕಾದ ಪ್ಲಾಸ್ಟಿಕ್ ಎಲ್ಲವೂ ಇವೆ. ಮುಚ್ಚಳವಿರುವ ಡಬ್ಬಿಯಲ್ಲಿ, ಒಳಗೆ ಒಂದೆರಡು ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಅವನ್ನು ಜೋಪಾನ ಮಾಡಿ. ಮುರಿದ ಕಿವಿ ಎಷ್ಟೇ ಸಣ್ಣದಿರಲಿ, ಬಿದ್ದ ಕೂಡಲೇ ಹುಡುಕಿ ಕಾಗದದಲ್ಲಿ ಕಟ್ಟಿಡಿ. ಮೂಲ ಚೂರು ಕೈಯಲ್ಲಿದ್ದರೆ ರಿಪೇರಿ ಅರ್ಧ ಮುಗಿದಂತೆಯೇ.